ಕಲ್ಯಾಣದ ಬಯಲಿನಲ್ಲಿ ಹೊತ್ತು ಮುಳುಗಿತು

ಹುಮನಾಬಾದಿನ ಬಸ್ಸು ಕಲಬುರಗಿಯಿಂದ ಬೆಳಿಗ್ಗೆಯೇ ಹೊರಡುತ್ತದೆಂದು ನಮ್ಮ ಯಜಮಾನರಿಗೆ ಯಾರೋ ಹೇಳಿದ್ದರು. ಅದು ಹೊರಟಾಗ ಬಿಸಿಲು ನೆತ್ತಿಗೆ ಬಂದಿತ್ತು. ನನ್ನ ತಮ್ಮನ ಕಿರಿಯ ಮಗಳು ಗಂಗವ್ವನ ಮದುವೆಗೆ ನಾವಿಬ್ಬರೂ ಕಲ್ಯಾಣಕ್ಕೆ ಹೊರಟಿದ್ದೆವು. ನಿಜಾಮರ ರಾಜ್ಯ ಹೋಗಿ ವರ್ಷ ದಾಟಿತ್ತು, ಆದರೂ ಕಂಡಕ್ಟರನ ಚೀಲದಲ್ಲಿ ನಿಜಾಮರ ಹಾಲಿ ಸಿಕ್ಕಾ ನಾಣ್ಯ ಮತ್ತು ಇಂಡಿಯಾ ಸರಕಾರದ ಕಲ್ದಾರ ನಾಣ್ಯ ಎರಡೂ ಕೂಡಿಯೇ ಕುಣಿಯುತ್ತಿದ್ದವು. ಯಜಮಾನರು ಕೂತ ಕೂಡಲೇ ನಿದ್ದೆ ಹೋದರು. ಅವರನ್ನು ಕಟ್ಟಿಕೊಂಡು ಪ್ರವಾಸ ಮಾಡುವುದೆಂದರೆ ಇನ್ನೊಂದು ಗಂಟು ಹೊತ್ತಂತೆಯೇ.

ಕಮಲಾಪುರದಲ್ಲಿ ಕೆಂಪು ಬಾಳೆಹಣ್ಣು ಕೊಂಡು ತಿಂದೆವು. ಘಾಟಿನ ಏರಿನಲ್ಲಿ ಎಂಜಿನ್ನಿಗೆ ನೀರು ಬೇಕಾಗಿ ಎಲ್ಲರೂ ಇಳಿದು ನಿಂತೆವು. ಘಾಟು ದಾಟಿದರೆ ಕೆಮ್ಮಣ್ಣಿನ ಬಯಲು, ಮಾಘದ ತಂಪು ಗಾಳಿ, ಎರಡೂ ಕಡೆ ತೆನೆ ತೂಗುವ ಜೋಳ. ಹುಮನಾಬಾದು ಮುಟ್ಟಿದಾಗ ಹೊತ್ತು ಇಳಿಮುಖವಾಗಿತ್ತು.

ಅಲ್ಲಿಯ ಪೇಟೆಯಲ್ಲಿ ಬೀಗರಾಗುವ ಚನ್ನಪ್ಪ ಸಿಕ್ಕರು. ಹುಡಗಿ ಎಂಬ ಹಳ್ಳಿಯ ರೈತರು, ವರನ ತಂದೆ. ಮದುವೆಯ ಸಾಮಾನು ಕೊಳ್ಳಲು ಬಂದಿದ್ದರು. ನಮಸ್ಕಾರವಾದ ಮೇಲೆ ನನ್ನನ್ನು ಬೇವಿನ ಮರದ ಕಡೆಗೆ ಕರೆದು ದನಿ ಇಳಿಸಿದರು.

"ಅಕ್ಕಾವ್ರ, ನೀವಾದ್ರೂ ನಿಮ್ಮವ್ವಗ ತಿಳಿಸಿ ಹೇಳ್ರಿ. ಮಧ್ಯಾಹ್ನಕ್ಕ ಅಕ್ಕಿಕಾಳ ಬಿದ್ರ ನಾವು ಬೆಳಕಿದ್ದಾಗೇ ಹಾದ್ಯಾಗಿನ ರಾಜೇಶ್ವರದಾಗ ನಮ್ಮ ಮಂದಿ ಮನಿ ಮುಟ್ತೀವಿ. ಹೊತ್ತು ಮುಳುಗಿದ ಮ್ಯಾಲ ಲಗ್ನ ಅಂದ್ರ ನಮ್ಮ ಹೆಣ್ಮಕ್ಕಳು ಗಾಡಿ ಹತ್ತೂದಿಲ್ಲಂತಾರ. ಅವರಿಲ್ಲದ ಲಗ್ನ ಹ್ಯಾಂಗ ಮಾಡೂದ್ರಿ?"

ನಮ್ಮ ತವರಿನಲ್ಲಿ ಮದುವೆಗಳೆಲ್ಲ ಗೋರಜ ಮುಹೂರ್ತದಲ್ಲಿ, ಅಂದರೆ ದನಗಳು ಮನೆಗೆ ಮರಳಿ ಊರ ಅಗಸೆಬಾಗಿಲಲ್ಲಿ ಧೂಳು ಏಳುವ ಹೊತ್ತಿನಲ್ಲಿ, ಆಗುತ್ತಿದ್ದವು. ನನ್ನದೂ ಹಾಗೇ ಆಯಿತು. ಗಂಗವ್ವನ ಅಕ್ಕನ ಮದುವೆ ಮಾತ್ರ ಎರಡು ವರ್ಷದ ಹಿಂದೆ, ನಿಜಾಮರ ಕೊನೆಯ ದಿನಗಳ ಲೂಟಿಯ ಗದ್ದಲದಲ್ಲಿ, ನಡುಮಧ್ಯಾಹ್ನ, ಬಾಗಿಲು ಹಾಕಿಕೊಂಡು, ವಾಲಗವಿಲ್ಲದೆ ಮುಗಿದಿತ್ತು. ಕಳ್ಳರ ಹಾಗೆ ಮೊಮ್ಮಗಳನ್ನು ಕಳಿಸಿದೆವಲ್ಲ ಎಂದು ಅವ್ವ ಅಂದು ಅತ್ತವಳು, ಕಿರಿಯವಳಿಗೆ ಅಕ್ಷತೆಯ ಅಕ್ಕಿಕಾಳು ಬಯಲಲ್ಲಿ, ಸಂಜೆಗೇ ಬೀಳಬೇಕು ಎಂದು ಹಟ ಹಿಡಿದಿದ್ದಳು. ಈಗ ಅತ್ತ ದರಿ ಇತ್ತ ಪುಲಿ ಎಂಬಂತಾಯಿತು ನನ್ನ ಪಾಡು.

ಚನ್ನಪ್ಪನವರನ್ನು ಅಂಜುಬುರುಕ ಎನ್ನಲು ನನಗೆ ಬಾಯಿ ಬರಲಿಲ್ಲ. ಮಾತಾಡುತ್ತಿದ್ದಂತೆಯೇ ಪೇಟೆಯ ಅಂಗಡಿಗಳು ಒಂದೊಂದಾಗಿ ಹಲಗೆ ಹಾಕತೊಡಗಿದವು. ಸೂರ್ಯ ಇನ್ನೂ ಮರದ ಮೇಲೇ ಇದ್ದ. ಗದ್ದಲದ ದಿನಗಳಲ್ಲಿ ಮೊದಲು ಒಬ್ಬರಿಗೆ ಹೆದರಿಕೆಯಿತ್ತು, ಆಮೇಲೆ ಇನ್ನೊಬ್ಬರಿಗೆ ಬಂತು. ಈಗ ಗದ್ದಲ ಅಡಗಿದರೂ ಹೊತ್ತು ಇಳಿದರೆ ಸಾಕು, ಎಲ್ಲರೂ ಒಳಗೆ. ಆ ರಾತ್ರಿ ನಾವು ಇಳಿದುಕೊಂಡ ಮನೆಯವರೂ ಬೆಳಕಿದ್ದಾಗಲೇ ಅಗಳಿ ಜಡಿದರು. ಕಿಟಕಿಯ ಸಂದಿಯಲ್ಲಿ ಒಂದು ಕೆಂಪು ಗೆರೆ ಕಾಣುತ್ತಿತ್ತು. ನೋಡುತ್ತಿದ್ದಂತೆ ಅದೂ ಹೋಯಿತು. ಬಯಲುನಾಡಿನಲ್ಲಿ ಹುಟ್ಟಿದ ನನಗೆ ಸಂಜೆಯನ್ನು ಸಂದಿಯಿಂದ ನೋಡಬೇಕಾಯಿತಲ್ಲ ಎಂದು ಬಹಳ ಬೇಜಾರಾಯಿತು.

ಮರುದಿನ ತಮ್ಮ ಕಳಿಸಿದ ಗಾಡಿಯಲ್ಲಿ ಕಲ್ಯಾಣದ ದಾರಿ ಹಿಡಿದೆವು. ಇಪ್ಪತ್ತು ಮೈಲಿಯ ದಾರಿ, ಎತ್ತುಗಳಿಗೆ ಅವಸರವಿಲ್ಲ. ಹಾದಿಬದಿಯ ಹೊಲದವರು ಕುಳ್ಳಿನ ಕೆಂಡದಲ್ಲಿ ಎಳೆ ತೆನೆ ಸುಟ್ಟು ಉಜ್ಜಿ ಬಿಸಿ ಸೀತನಿ ಕೊಟ್ಟರು. ಬೆಲ್ಲದ ಜೊತೆ ಅದನ್ನು ತಿನ್ನುವಾಗ ಯಜಮಾನರು ಪೂರ್ತಿ ಎಚ್ಚರವಾಗಿದ್ದರು. ಕಲ್ಯಾಣದ ಕೋಟೆಯ ಗೋಡೆ ಕಂಡಾಗ ನಾನು ಎಂದಿನಂತೆ ಗಾಡಿಯಲ್ಲಿ ನೆಟ್ಟಗೆ ಎದ್ದು ಕೂತೆ.

ಚನ್ನಪ್ಪನವರ ಮಾತನ್ನು ಅವ್ವನಿಗೆ ಮುಟ್ಟಿಸಿದೆ. ಅವಳು ಸಿಟ್ಟಾಗಲಿಲ್ಲ. "ಬೆಳಕಿದ್ದಾಗೇ ಬರ್ರಿ ಅಂತ ಹೇಳಿ ಕಳಸು. ಹೋಗೂದು ಅವರ ಮರ್ಜಿ. ಲಗ್ನ ಮುಗದ ಮ್ಯಾಲ ಬೇಕಾದ್ರ ಹೋಗ್ಲಿ, ಬ್ಯಾಡಾದ್ರ ಇಲ್ಲೇ ಮಲಗ್ಲಿ" ಎಂದಳು. ಆಳು ಆ ಮಾತು ಹೊತ್ತು ಹುಡಗಿಗೆ ಹೋದ. ಬರುತ್ತಾರೋ ಇಲ್ಲವೋ ಎಂದು ನಾವೆಲ್ಲ ಉಗುರು ಕಚ್ಚುತ್ತ ಕೂತೆವು.

ಆಮೇಲೆ ಅವ್ವ ಊರ ದನ ಕಾಯುವ ಮೌಲಾಸಾಬನನ್ನು ಕರೆಸಿದಳು. ನನ್ನ ಮದುವೆಯಲ್ಲಿ ದನ ತಂದವನು ಅವನ ಅಪ್ಪ.

"ಈಗ ಎಷ್ಟೊತ್ತಿಗೆ ದನ ತರ್ತಿಯೋ ಮೌಲಾ?"

"ಹೊತ್ತಿದ್ದಾಗೇ ತರ್ತೀನ್ರಿ ಅಮ್ಮಾ. ಮಂದೀನೂ ಒಳಗ, ದನಾನೂ ಒಳಗ, ನಾನೂ ಒಳಗ."

"ಲಗ್ನದ ದಿನ ಹೊತ್ತು ಮುಳುಗೂತನ ಮೇವಿನ ಮಾಳದಾಗ ದನಾ ತಡದು ತರುಬತೀಯಾ?"

ಅವನು ಹೆಗಲ ಮೇಲಿನ ವಸ್ತ್ರವನ್ನು ತಿರುವಿದ. "ಅಂಧಾರದಾಗ ನಾ ಒಬ್ಬಾಂವ ಇರ್ತೀನ್ರಿ ಅಲ್ಲಿ" ಎಂದ. ಮತ್ತೆ ತಾನೇ, "ಆಗ್ಲಿ. ಗಂಗವ್ವನ ಲಗ್ನ ಅಲ್ರಿ? ಫಿಕರ್ ಮಾಡಬ್ಯಾಡ್ರಿ" ಎಂದು ಹೋದ.

ಮದುವೆಯ ದಿನ ಹುಡಗಿಯ ಬೀಗರು ಬಂದರು, ಹೆಣ್ಣುಮಕ್ಕಳ ಸಮೇತ. ಆದರೆ ಚನ್ನಪ್ಪ ಎತ್ತುಗಳನ್ನು ಕೊಟ್ಟಿಗೆಗೆ ಕಟ್ಟಿಸದೆ ಗಾಡಿಯ ಪಕ್ಕದಲ್ಲೇ ನಿಲ್ಲಿಸಿಕೊಂಡರು. ಹೋಳಿಗೆ ಬಡಿಸುವಾಗಲೂ ಅವರ ಕಣ್ಣು ಬಿಸಿಲಿನ ಮೇಲೆ. ಊಟ ಮುಗಿದು ಎಲ್ಲರೂ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು. ಗಂಗವ್ವನ ಜಡೆ ಇನ್ನೂ ಅರ್ಧವೇ ಹೆಣೆದಾಗಿತ್ತು. ಆಗ ಅಗಸೆಯ ಕಡೆಯಿಂದ ಗಂಟೆಯ ಸದ್ದು ಬಂತು.

ಊರ ದನವೆಲ್ಲ ಧೂಳೆಬ್ಬಿಸುತ್ತ ಓಡಿ ಬರುತ್ತಿತ್ತು! ಧೂಳು ಕಂಡದ್ದೇ ತಡ, ವಾಲಗದವರು ಊದಲು ಶುರುಮಾಡಿದರು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದ ಹಾಗೆ, ಹಂದರದಲ್ಲಿ ಮದುಮಗಳೇ ಇರಲಿಲ್ಲ. ಲಗ್ನ ಮಾಡಿಸುವ ಅಯ್ಯನವರು ಅಕ್ಕಿಕಾಳಿನ ತಟ್ಟೆ ಹಿಡಿದು ಗಾಬರಿಯಿಂದ ಎದ್ದು ನಿಂತರು. ಚನ್ನಪ್ಪನವರ ಮುಖ ಮಾತ್ರ ಅರಳಿತು. "ಧೂಳಿ ಬಂತಲ್ರಿ! ಗೋರಜ ಆತು. ಜಲ್ದಿ ಕರೀರಿ ಹುಡುಗೀನ್ನ!"

ಅವ್ವ ಕೋಲೂರಿ ಹೊರಗೆ ಬಂದಳು. "ಬಿಸಿಲು ನನ್ನ ಕಣ್ಣ ಕುಕ್ಕಾಕತ್ತೈತಿ. ಇದಕ್ಕ ಸಂಜಿ ಅಂತಾರೇನ್ರಿ ಬೀಗರ?"

ದನದ ಹಿಂದೆ ಮೌಲಾಸಾಬ ಏದುಸಿರು ಬಿಡುತ್ತ ಬಂದ. ಅವನ ಕಣ್ಣಲ್ಲಿ ನೀರಿತ್ತು. "ನಾ ತಂದಿಲ್ರಿ ಅಮ್ಮಾ, ಖರೇ ಹೇಳ್ತೀನಿ. ಅಡ್ಡ ನಿಂತ್ರೂ ಕೇಳಲಿಲ್ಲ, ತಾವೇ ಬಂದ್ವು. ಎರಡ ವರ್ಷದ ಆದತ್ ಅದಲ್ರಿ ಅವಕ್ಕ, ರೂಢಿ. ಹೆದರಿಕಿ ನಮಗಿತ್ತು, ಕಲತದ್ದು ಅವು."

ವಾಲಗ ನಿಂತಿತು. ಇನ್ನೇನು ಅವ್ವ ಸೋತಳು, ಈ ಬಿಸಿಲಲ್ಲೇ ಮದುವೆ ಮುಗಿಯುತ್ತದೆ ಎಂದುಕೊಂಡೆ. ಅವಳು ನಕ್ಕುಬಿಟ್ಟಳು. "ಕಲತದ್ದು ಮರಸಬೇಕಪಾ. ಹೊಡೀರಿ ತಿರುಗಿ ಮಾಳಕ್ಕ. ಮೌಲಾ ಒಬ್ಬಾಂವ ಹೋಗೂದು ಬ್ಯಾಡ, ಎಲ್ಲಾರೂ ನಡೀರಿ."

ಹೊಸ ಧೋತರ, ಜರಿ ರುಮಾಲು, ಹಣೆಯಲ್ಲಿ ಗಂಧ ಇದ್ದ ಹಾಗೆಯೇ ಗಂಡಸರು ದನ ತಿರುಗಿಸಲು ಇಳಿದರು. ಅರ್ಧ ಜನ ಪೇಟೆಯವರು, ಆಕಳಿನ ಮುಂದೆ ನಿಲ್ಲಬೇಕೋ ಹಿಂದೆ ನಿಲ್ಲಬೇಕೋ ಗೊತ್ತಿಲ್ಲದವರು. ಒಬ್ಬರು ಚುಕ್ಕೆಚುಕ್ಕೆಯ ಒಂದು ಕಬರಿ ಆಕಳ ಬಾಲ ಹಿಡಿದು ಎಳೆಯುವುದನ್ನು ನೋಡಿ ಚನ್ನಪ್ಪನವರಿಗೆ ತಡೆಯಲಾಗಲಿಲ್ಲ. "ಬಿಡ್ರಿ ಅದನ್ನ, ದನಾ ಹಿಂಗ ತರುಬತಾರೇನು!" ಎಂದು ರುಮಾಲು ಗಾಡಿಯಲ್ಲಿ ಎಸೆದು, ಕೋಲು ಕಸಿದುಕೊಂಡು, ಹೊಯ್ ಹೊಯ್ ಎನ್ನುತ್ತ ಎಲ್ಲರಿಗಿಂತ ಮುಂದೆ ಓಡಿದರು. ಇಷ್ಟೆಲ್ಲ ನಡೆಯುವಾಗ ಮನೆಯಲ್ಲಿ ಕೂರುವ ಹೆಂಗಸು ಯಾರಿದ್ದಾಳೆ? ನಾವೂ ಸೆರಗು ಸಿಕ್ಕಿಸಿ ಹಿಂದೆ ನಡೆದೆವು. ಬೀಗರ ಹೆಣ್ಣುಮಕ್ಕಳು ಹೊಸ್ತಿಲಲ್ಲಿ ನಿಂತು ಗುಸುಗುಸು ಮಾಡಿ ಕೊನೆಗೆ ಅವರೂ ಬಂದರು.

ಮಾಳದಲ್ಲಿ ದನಗಳನ್ನು ನಡುವೆ ಹಾಕಿ ಸುತ್ತಲೂ ನಿಂತೆವು. ಸೂರ್ಯ ಕೆಳಗಿಳಿದಂತೆ ಜೋಳದ ಹೊಲ ಮೊದಲು ಹಿತ್ತಾಳೆಯ ಬಣ್ಣಕ್ಕೆ ತಿರುಗಿತು, ಆಮೇಲೆ ತಾಮ್ರದ ಬಣ್ಣಕ್ಕೆ. ನಮ್ಮ ನೆರಳುಗಳು ಹೊಲ ದಾಟಿ ಹೋದವು. ಬೆಳ್ಳಕ್ಕಿಗಳ ಸಾಲೊಂದು ಕೆರೆಯ ಕಡೆಗೆ ಹೊರಟಿತು. ಕೆಳಗೆ ಹಾರುವವಕ್ಕೆ ಕತ್ತಲು ತಾಗಿದರೂ ಮೇಲಿನವುಗಳ ರೆಕ್ಕೆಯಲ್ಲಿ ಇನ್ನೂ ಬಿಸಿಲಿತ್ತು. ಎಲ್ಲೋ ಕೌಜುಗ ಕೂಗಿತು. ನೆಲದ ಬಿಸಿ ಆರಿ, ಒಣ ಹುಲ್ಲಿನ ವಾಸನೆ ಎದ್ದಿತು. ಕೋಟೆಯ ಗೋಡೆಯ ಮೇಲಿನ ಕೆಂಪು ಮೆಲ್ಲಗೆ ಮೇಲೇರಿ, ತುದಿಯಲ್ಲಿ ಒಂದು ಗಳಿಗೆ ನಿಂತು, ಇಲ್ಲವಾಯಿತು. ಯಾರೂ ಮನೆಗೆ ಓಡಲಿಲ್ಲ. ಕತ್ತಲು ಬಂತು, ಬಂದರೆ ಬರಲಿ ಎಂದು ಅಷ್ಟು ಜನ ಒಟ್ಟಿಗೆ ನಿಂತಿದ್ದೆವು. ನನಗೆ ಆದ ಸಂತೋಷ ಹೇಳತೀರದು.

ಮೌಲಾಸಾಬ ಹೆಗಲ ವಸ್ತ್ರ ಹಾಸಿ ಸಂಜೆಯ ನಮಾಜಿಗೆ ನಿಂತ. ಅವನಿಲ್ಲದೆ ದನ ಹೊಡೆಯುವವರು ಯಾರು? ಅವನು ಮುಗಿಸುವವರೆಗೆ ಅಯ್ಯನವರು, ವಾಲಗದವರು, ಬೀಗರು ಎಲ್ಲರೂ ಕಾದರು. ಚನ್ನಪ್ಪ ಕಬರಿ ಆಕಳ ಕೊರಳು ತುರಿಸುತ್ತ ನನ್ನ ಪಕ್ಕದಲ್ಲಿದ್ದರು.

"ಈ ಹೊತ್ತಿನಾಗ ಹೊರಗ ನಿಂತು ಎರಡ ವರ್ಷ ಆತ್ರಿ ಅಕ್ಕಾವ್ರ. ಇಷ್ಟ ಛಂದ ಇರ್ತದಂತ ಮರತೇ ಬಿಟ್ಟಿದ್ದೆ."

ಮೌಲಾಸಾಬ ವಸ್ತ್ರ ಕೊಡವಿ ಎದ್ದು ನಾಲಿಗೆ ಲೊಟಗುಟ್ಟಿಸಿದ. ದನ ಹೊರಟಿತು, ಅದರ ಹಿಂದೆ ನಾವು. ಉಳಿದಿದ್ದ ಬೆಳಕಿಗೆ ಧೂಳು ಕುಂಕುಮದಂತೆ ಕಂಡಿತು. ಆ ಧೂಳಿನಲ್ಲೇ, ಬಯಲ ಹಂದರದಲ್ಲಿ, ವಾಲಗದ ಅಬ್ಬರದಲ್ಲಿ ಗಂಗವ್ವನ ಮೇಲೆ ಅಕ್ಕಿಕಾಳು ಬಿದ್ದವು. ಅವ್ವ ಅತ್ತಳು, ನಾನೂ ಅತ್ತೆ. ಚನ್ನಪ್ಪ ಯಾರಿಗೂ ಹೇಳದೆ ಎತ್ತುಗಳನ್ನು ಕೊಟ್ಟಿಗೆಗೆ ಒಯ್ದು ಕಟ್ಟಿಬಂದರು.

ಮರುದಿನ ಮದುಮಗಳ ಜೊತೆಗಾತಿಯಾಗಿ ನಾನೂ ಹುಡಗಿಗೆ ಹೋಗಬೇಕಿತ್ತು. ಬೆಳಿಗ್ಗೆ ಹೊರಡುತ್ತಾರೆಂದು ಗಂಟು ಕಟ್ಟಿ ಕೂತರೆ ಚನ್ನಪ್ಪ ಅಲುಗಲಿಲ್ಲ. "ತಂಪಹೊತ್ತಿನಾಗ ಎತ್ತು ಸುಖಾಗಿ ನಡೀತಾವ. ಮೊದಲೆಲ್ಲಾ ನಾವು ಸಂಜಿಗೇ ಗಾಡಿ ಹೂಡ್ತಿದ್ವಿ" ಎಂದರು. ಅವರ ಹೆಣ್ಣುಮಕ್ಕಳು ಒಬ್ಬರ ಮುಖ ಒಬ್ಬರು ನೋಡಿದರು, ಬೇಡ ಎನ್ನಲಿಲ್ಲ. ಯಜಮಾನರಂತೂ ಗಾಡಿಯ ಹುಲ್ಲಿನಲ್ಲಿ ಆಗಲೇ ಜಾಗ ನೋಡಿಕೊಂಡಿದ್ದರು.

ಊರು ದಾಟಿ ದಿಬ್ಬ ಏರುವಾಗ ಸೂರ್ಯ ಮುಳುಗಿದ್ದ. ತಿರುಗಿ ನೋಡಿದೆ. ಮಾಳದಿಂದ ಅಗಸೆಯವರೆಗೆ ಕೆಂಪು ಧೂಳಿನ ಗೆರೆಯೊಂದು ಎದ್ದು ನಿಧಾನವಾಗಿ ಊರ ಕಡೆ ಸರಿಯುತ್ತಿತ್ತು. ಗಂಟೆಯ ಸದ್ದೂ ಸಣ್ಣಗೆ ಕೇಳುತ್ತಿತ್ತು. ಗಂಗವ್ವ ತಲೆಯ ಸೆರಗು ಸರಿಸಿ ಇಣುಕಿದಳು.

"ಅತ್ತೀ, ಇವತ್ತ ಯಾರ ಲಗ್ನ?"

"ಯಾರದೂ ಅಲ್ಲವಾ," ಎಂದೆ. "ದನಾ ಮನಿಗೆ ಹೊಂಟಾವ."