ಬರ್ತೇನಿ ಅಂದು ಹೋಗುವವರು

ನಮ್ಮ ಮನೆಯ ಹೊಸ್ತಿಲು ದಾಟುವಾಗ ಯಾರೂ ‘ಹೋಗ್ತೇನಿ’ ಅನ್ನುವಂತಿರಲಿಲ್ಲ. ಇದು ನಾನು ಮಾಡಿದ ಕಾನೂನಲ್ಲ, ಧಾರವಾಡದಲ್ಲಿ ನನ್ನ ಅವ್ವನ ಅವ್ವನ ಕಾಲದಿಂದ ಬಂದದ್ದು. ಪೇಟೆಗೆ ಹೊರಟವರೂ ಆಫೀಸಿಗೆ ಹೊರಟವರೂ ‘ಬರ್ತೇನಿ’ ಅನ್ನಬೇಕು. ‘ಹೋದ’ ಅನ್ನುವ ಮಾತು ಮತ್ತೆ ಬಾರದವರಿಗೆ ಮೀಸಲು. ಮಗ ಕಾಲೇಜಿನಲ್ಲಿದ್ದಾಗ ಒಮ್ಮೆ ಶೂ ಕಟ್ಟಿಕೊಳ್ಳುತ್ತ ‘ಅವ್ವಾ, ನಾ ಹೋಗ್ತೇನಿ’ ಅಂದಿದ್ದಕ್ಕೆ ಅವನನ್ನು ಒಳಗೆ ಕರೆದು, ಕೂರಿಸಿ, ನೀರು ಕುಡಿಸಿ, ಮತ್ತೆ ಕಳಿಸಿದ್ದೆ. ಮುಂಬಯಿಯ ಲೋಕಲ್ ಗಾಡಿಯ ಬಾಗಿಲಲ್ಲಿ ಜೋತುಬಿದ್ದು ಹೋಗುವವರ ತಾಯಂದಿರಿಗೆ ಇಂಥದ್ದೆಲ್ಲ ಬೇಕಾಗುತ್ತದೆ. ನಗುವವರು ನಗಲಿ.

ನಾನು ಡೊಂಬಿವಲಿಯ ಕನ್ನಡ ಶಾಲೆಯೊಂದರಲ್ಲಿ ಮೂವತ್ತೊಂದು ವರ್ಷ ಪಾಠ ಹೇಳಿದವಳು. ಈಗ ಮಗ, ಸೊಸೆ, ಮೊಮ್ಮಗಳ ಜೊತೆ ಠಾಕುರ್ಲಿಯಲ್ಲಿದ್ದೇನೆ. ಸೊಸೆ ಉಡುಪಿ ಕಡೆಯವಳು, ತಾಯಿಯ ಜೊತೆ ಫೋನಿನಲ್ಲಿ ತುಳು, ನನ್ನ ಜೊತೆ ಪುಸ್ತಕದಂಥ ಕನ್ನಡ. ಮೊಮ್ಮಗಳು ಮೂರು ತುಂಬಿದರೂ ಮಾತಾಡಲಿಲ್ಲ. ಕರೆದರೆ ತಿರುಗುತ್ತಿರಲಿಲ್ಲ, ಕುಕ್ಕರಿನ ಮುಚ್ಚಳವನ್ನು ಮಾತ್ರ ಗಂಟೆಗಟ್ಟಲೆ ತಿರುಗಿಸುತ್ತಿದ್ದಳು. ಠಾಣೆಯ ಡಾಕ್ಟರು ಪರೀಕ್ಷೆ ಮಾಡಿ ಆಟಿಸಂ ಅಂದರು. ನಾನು ಸುಮ್ಮನಿರುವವಳೇ? “ಅದೆಲ್ಲಾ ಏನಿಲ್ಲ. ನನ್ನ ಕೈಯಾಗ ಕೊಡ್ರಿ, ಆರು ತಿಂಗಳದಾಗ ಪದ್ಯಾ ಹೇಳಿಸ್ತೇನಿ” ಅಂದೆ. ಸೊಸೆ ಮರುದಿನ ಸ್ಟೇಷನ್ ಹತ್ತಿರದ ಅಂಗಡಿಯಿಂದ ಇನ್ನೂರು ಪುಟದ ಒಂದು ನೋಟ್‌ಬುಕ್ ತಂದಳು.

ನಮ್ಮನ್ನು ಹಣ್ಣು ಮಾಡಿದ್ದು ಬಾಗಿಲು. ಬೆಳಿಗ್ಗೆ ಅಪ್ಪ ಆಫೀಸಿಗೆ ಹೊರಟ ಮೇಲೆ ಹುಡುಗಿ ಸೇಫ್ಟಿ ಡೋರಿನ ಸರಳು ಹಿಡಿದು ನಿಂತುಬಿಡುತ್ತಿದ್ದಳು. ಊಟವಿಲ್ಲ, ನೀರಿಲ್ಲ. ಎತ್ತಿಕೊಳ್ಳಲು ಹೋದರೆ ಸರಳಿಗೆ ಹಣೆ ಜಜ್ಜಿಕೊಳ್ಳುತ್ತಿದ್ದಳು. ನಾನು ತರಕಾರಿಗೆ ಹೋದರೂ ಅದೇ ಕಥೆ. ಸೊಸೆಯಂತೂ ಹೊರಗೆ ಕಾಲಿಡುವ ಹಾಗೇ ಇರಲಿಲ್ಲ. ಐರೋಲಿಯ ಕೆಲಸ ಬಿಟ್ಟಳು. ಎರಡು ವರ್ಷದಲ್ಲಿ ಅವಳ ಕೂದಲು ಅರ್ಧ ಉದುರಿತು. ಮಾತಾಡುತ್ತ ಮಾತಾಡುತ್ತಲೇ ಗೋಡೆ ನೋಡುತ್ತ ನಿಂತುಬಿಡುತ್ತಿದ್ದಳು. ನನಗೆ ಹೆದರಿಕೆಯಾಗುತ್ತಿತ್ತು, ಆದರೆ ಬಾಯಲ್ಲಿ ಬರುತ್ತಿದ್ದದ್ದು ಬರೀ ಬೈಗುಳ.

ಮಗುವಿಗೆ ಕಲಿಸುವ ಕೇಂದ್ರ ವಾಗ್ಳೆ ಎಸ್ಟೇಟಿನಲ್ಲಿತ್ತು, ಹಳೆಯ ಕಾರ್ಖಾನೆಯೊಂದರ ಪಕ್ಕ. ಅಲ್ಲಿಯ ಥೆರಪಿಸ್ಟ್, ಮರಾಠಿ ಹೆಂಗಸು, ಒಂದು ದಿನ ಮಗುವನ್ನು ಬಿಟ್ಟು ನನ್ನ ಸೊಸೆಯ ಕಡೆ ತಿರುಗಿ, “ತುಮ್ಹೀ ಕಶಾ ಆಹಾತ್?” ಎಂದು ಕೇಳಿದರು. ನೀವು ಹೇಗಿದ್ದೀರಿ, ಅಷ್ಟೇ. ಸೊಸೆ ಅಲ್ಲೇ ಬಿಕ್ಕಿ ಬಿಕ್ಕಿ ಅತ್ತಳು. ಗುರುವಾರಕ್ಕೊಮ್ಮೆ ಒಂಟಿಯಾಗಿ ಬಂದು ಇಲ್ಲಿಯ ಕೌನ್ಸಿಲರ್ ಜೊತೆ ಒಂದು ಗಂಟೆ ಮಾತಾಡಿ, ತಾಯಿ ಉಳಿದರೆ ಮಗು ಉಳಿಯುತ್ತದೆ ಎಂದರು ಅವರು.

ಮನೆಗೆ ಬಂದ ಮೇಲೆ ನಾನು, “ಮಗಳಿಗೊಬ್ಬರು ಸಾಲದಂತ ತಾಯಿಗೂ ಒಬ್ಬರಾ? ನಿನಗೇನು ತಲಿ ಕೆಟ್ಟೈತೇನು?” ಅಂದೆ.

“ಇನ್ನೂ ಕೆಟ್ಟಿಲ್ಲ ಅತ್ತೆ. ಕೆಡುವ ಮೊದಲೇ ಹೋಗುವ ಅಂತ” ಅಂದಳು.

ಆದರೆ ಹೋಗುವುದು ಹೇಗೆ? ಬಾಗಿಲಲ್ಲಿ ಮಗಳು ನಿಂತಿದ್ದಾಳಲ್ಲ.

ಈ ನಡುವೆ ಆ ನೋಟ್‌ಬುಕ್ಕಿನಲ್ಲಿ ಅವಳು ದಿನವಿಡೀ ಏನೋ ಗೀಚುತ್ತಿದ್ದಳು. ನನ್ನ ಮೇಲಿನ ದೂರುಗಳೇ ಇರಬೇಕೆಂದು ನನಗೆ ಗುಮಾನಿ. ಅವಳು ಸ್ನಾನಕ್ಕೆ ಹೋದಾಗ ತೆಗೆದು ಓದಿದೆ. ತಪ್ಪೇ, ಒಪ್ಪಿದೆ. ‘ಎಂಟು ಗಂಟೆ: ಇವರು ಬರ್ತೇನಿ ಅಂದ್ರು, ಹೋದ್ರು. ಹನ್ನೊಂದರವರೆಗೆ ಬಾಗಿಲಲ್ಲಿ.’ ‘ಹನ್ನೊಂದೂವರೆ: ಅತ್ತೆ ಬರ್ತೇನಿ ಅಂದ್ರು, ತರಕಾರಿಗೆ ಹೋದ್ರು. ಒಂದು ಗಂಟೆ ಅಳು.’ ‘ಮೂರು: ಕೊರಿಯರಿನವ ಏನೂ ಹೇಳದೆ ಹೋದ. ಅಳಲಿಲ್ಲ.’ ಪುಟಗಟ್ಟಲೆ ಹೀಗೇ. ‘ಬರ್ತೇನಿ’ ಇದ್ದಲ್ಲೆಲ್ಲ ಕೆಂಪು ಗೆರೆ.

ಅವಳು ಬಂದು ನೋಡಿದಳು. ಸಿಟ್ಟಾಗಲಿಲ್ಲ. “ಅತ್ತೆ, ಅವಳಿಗೆ ಮಾತು ಅಂದ್ರೆ ಮಾತೇ. ಬರ್ತೇನೆ ಅಂದವರು ಬರ್ಬೇಕಲ್ಲ? ಅದಕ್ಕೇ ಕಾಯ್ತಾಳೆ. ನಾವೆಲ್ಲ ಸೇರಿ ದಿನಾ ಅವಳಿಗೆ ಸುಳ್ಳು ಹೇಳ್ತಾ ಇದ್ದೇವೆ.”

“ಹಂಗಂತ ಹೊಸ್ತಿಲದಾಗ ನಿಂತು ‘ಹೋಗ್ತೇನಿ’ ಅನ್ನಬೇಕೇನು? ಏನು ಮಾತಾಡ್ತಿ ನೀ?” ಎಂದು ಎದ್ದುಬಿಟ್ಟೆ.

ಆಮೇಲೆ ನನಗೆ ಹೊಳೆದದ್ದು ಇದು: ಆ ಕೆಂಪು ಗೆರೆಗಳು ಎರಡು ವಾರದ ಹಿಂದಿನವು, ಅಂದಿನಿಂದಲೇ ಅವಳಿಗೆ ಈ ವಿಷಯ ಗೊತ್ತಿತ್ತು. ನಾನು ಮನೆಯಲ್ಲಿಲ್ಲದಾಗ ಆ ಮಾತನ್ನು ಆಡಿ ನೋಡಬಹುದಿತ್ತು. ಆಡಿರಲಿಲ್ಲ. ಅಷ್ಟು ಸೋತಿದ್ದರೂ ನನ್ನ ನಂಬಿಕೆಯನ್ನು ಬೆನ್ನ ಹಿಂದೆ ಮುರಿಯದೆ ಕಾದಿದ್ದಳು. ಇಂಥ ಹುಡುಗಿಗೆ ತಲೆ ಕೆಟ್ಟಿದೆ ಅಂದೆನಲ್ಲ ಎಂದು ನಾಚಿಕೆಯಾಯಿತು. ಹಿಂದೊಮ್ಮೆ ನನ್ನ ತರಗತಿಯ ಹುಡುಗಿಯೊಬ್ಬಳು, ‘ಬಾಯಿ ಮುಚ್ಚು’ ಅಂದದ್ದಕ್ಕೆ ಇಡೀ ಪಿರಿಯಡ್ ಅಂಗೈಯಿಂದ ಬಾಯಿ ಮುಚ್ಚಿಕೊಂಡು ಕೂತಿದ್ದಳು. ಅಣಕಿಸುತ್ತಾಳೆಂದು ಅವಳನ್ನು ಬೆಂಚಿನ ಮೇಲೆ ನಿಲ್ಲಿಸಿದ್ದೆ. ಪಾಪ, ನಾನು ಹೇಳಿದ್ದನ್ನೇ ಮಾಡಿದ್ದಳು.

ಗುರುವಾರ ಸೊಸೆ ಚಪ್ಪಲಿ ಮೆಟ್ಟಿ ನನ್ನ ಮುಖ ನೋಡಿದಳು. ದೇವರನ್ನು ನೆನೆದು ನಾನೇ ಮೊಮ್ಮಗಳಿಗೆ ಹೇಳಿದೆ: “ಅಮ್ಮ ಹೋಗ್ತಾಳ. ಸಣ್ಣ ಮುಳ್ಳು ಐದರ ಮ್ಯಾಲೆ ಬಂದಾಗ ಬರ್ತಾಳ.” ಬಾಗಿಲ ಪಕ್ಕ ಸೊಸೆ ಒಂದು ರಟ್ಟು ತೂಗುಹಾಕಿದ್ದಳು, ಅದರಲ್ಲಿ ‘ಒಳಗೆ’, ‘ಹೊರಗೆ’ ಎಂಬ ಎರಡು ಮನೆ, ಒಳಗಿನದರಲ್ಲಿ ನಮ್ಮೆಲ್ಲರ ಫೋಟೋ. ಅಮ್ಮನ ಫೋಟೋವನ್ನು ಹೊರಗಿನ ಮನೆಗೆ ಅಂಟಿಸಿದೆ. ಮೊದಲ ಎರಡು ಗುರುವಾರ ರಂಪವೇ ಆಯಿತು. ಮೂರನೆಯ ಗುರುವಾರ ಹುಡುಗಿ ಗಡಿಯಾರ ನೋಡಿದಳು, ಫೋಟೋ ನೋಡಿದಳು, ಬಂದು ಮೊಸರನ್ನ ತಿಂದಳು. ವರ್ಷ ಕಳೆಯುವುದರೊಳಗೆ ಸೊಸೆ ಕಾಮೋಠೆಯಲ್ಲಿ ಸೇರುವ ಇಂಥದ್ದೇ ತಾಯಂದಿರ ಗುಂಪಿಗೂ ಹೋಗತೊಡಗಿದಳು. ಅಲ್ಲಿಂದ ನಗುತ್ತ ಬರುತ್ತಿದ್ದಳು. ಆ ನಗುವನ್ನು ನಾನು ಮರೆತೇಬಿಟ್ಟಿದ್ದೆ.

ಮೊಮ್ಮಗಳ ಬಾಯಲ್ಲಿ ಒಂದೊಂದೇ ಮಾತು ಬರತೊಡಗಿದ್ದ ಈ ಬೇಸಿಗೆಯಲ್ಲಿ ನನ್ನ ಹೃದಯದ ಸರದಿ ಬಂತು. ನವಿ ಮುಂಬಯಿಯ ಆಸ್ಪತ್ರೆಯಲ್ಲಿ ಆಪರೇಶನ್ ಎಂದು ಗೊತ್ತಾಯಿತು. ಹೊರಡುವ ದಿನ ಹೊಸ್ತಿಲಲ್ಲಿ ನಿಂತೆ. ‘ಬರ್ತೇನಿ’ ಅಂದರೆ ಈ ಕೂಸಿಗೆ ಸುಳ್ಳಾದೀತು. ‘ಹೋಗ್ತೇನಿ’ ಅನ್ನಲು, ಅದೂ ಎದೆ ಕೊಯ್ಯಿಸಿಕೊಳ್ಳಲು ಹೊರಟಾಗ, ನಾಲಿಗೆ ಏಳಲೊಲ್ಲದು. ಯಾವ ದಿನ ಬರ್ತೇನಿ ಎಂದು ಹೇಳಲಿ? ಬರ್ತೇನೋ ಇಲ್ಲವೋ ನನಗೇ ಗೊತ್ತಿಲ್ಲ. ಸೊಸೆ ನನ್ನ ಕೈ ಹಿಡಿದಳು. “ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅಂತ ಹೇಳಿ ಅತ್ತೆ. ಅವಳಿಗೆ ಆಗ್ತದೆ.”

“ಅಜ್ಜಿ ಹೋಗ್ತೇನವಾ. ಯಾವಾಗ ಬರ್ತೇನಿ ಗೊತ್ತಿಲ್ಲ. ಡಾಕ್ಟರು ಹೇಳ್ತಾರ” ಅಂದೆ. ಮೊಮ್ಮಗಳು ನನ್ನ ಫೋಟೋ ಕಿತ್ತು ಹೊರಗಿನ ಮನೆಗೆ ಅಂಟಿಸಿ, “ಹೋಗು” ಅಂದಳು. ಮಗನ ಮುಖ ಬಿಳಿಚಿತು. ನನಗೆ ನಗು ತಡೆಯಲಾಗಲಿಲ್ಲ.

ಆಪರೇಶನ್ ದಿನ ಹುಬ್ಬಳ್ಳಿಯಿಂದ ನನ್ನ ತಂಗಿ ಫೋನು ಮಾಡಿದಳಂತೆ. ಮೊಮ್ಮಗಳು ಎತ್ತಿ, “ಅಜ್ಜಿ ಹೋದ್ಲು” ಅಂದುಬಿಟ್ಟಿದ್ದಾಳೆ. ಅತ್ತ ಕಡೆ “ಅಯ್ಯ ನನ್ನ ಶಿವನೇ! ಅಕ್ಕಾ!” ಎಂದು ತಂಗಿ ಬೋರಾಡಿ ಅತ್ತಿದ್ದಾಳೆ. ಸೊಸೆ ಫೋನು ಕಸಿದುಕೊಳ್ಳುವಷ್ಟರಲ್ಲಿ ಅಲ್ಲಿಯ ಓಣಿಯ ಮಂದಿಯೆಲ್ಲ ಸೇರಿದ್ದರಂತೆ.

ಹನ್ನೊಂದನೆಯ ದಿನ ಮನೆಗೆ ಬಂದೆ. ಬಾಗಿಲಲ್ಲಿ ಯಾರೂ ಕಾಯುತ್ತಿರಲಿಲ್ಲ. ಒಳಗೆ ಆಡುತ್ತಿದ್ದ ಮೊಮ್ಮಗಳು ಎದ್ದು ಬಂದು ನನ್ನ ಫೋಟೋವನ್ನು ಒಳಗಿನ ಮನೆಗೆ ಅಂಟಿಸಿ, ಹೆಬ್ಬೆರಳಿಂದ ಒತ್ತಿ, “ಬಂದಿ” ಅಂದಳು. ನನ್ನದೇ ಧಾರವಾಡದ ಕನ್ನಡ. ಎದೆಯ ಹೊಲಿಗೆ ಹಿಡಿದುಕೊಂಡೇ ನಾನು “ಬಂದೀನವಾ” ಅಂದೆ.

ಸಂಜೆ ಆ ನೋಟ್‌ಬುಕ್ ತೆಗೆದೆ, ಈ ಸಲ ಕೇಳಿಯೇ. ನಾನು ಹೊರಟ ದಿನದ ಪುಟದಲ್ಲಿ ಹೀಗಿತ್ತು: ‘ಅತ್ತೆ ಹೋಗ್ತೇನಿ ಅಂದ್ರು, ಹೋದ್ರು. ಮಗಳು ಅಳಲಿಲ್ಲ.’ ಕೆಳಗೆ ಇನ್ನೊಂದು ಸಾಲು: ‘ನಾನು ಅತ್ತೆ.’ ಮೂವತ್ತೊಂದು ವರ್ಷ ಕನ್ನಡ ಕಲಿಸಿದವಳು ನಾನು. ಇವಳು ಯಾವಾಗ ಅತ್ತೆಯಾದಳು ಎಂದು ಗೊಂದಲಪಟ್ಟು, ಆ ಎರಡು ಪದಗಳನ್ನು ಮೂರು ಸಲ ಓದಬೇಕಾಯಿತು.