ಒಲೆ ಆರಿಸದೆ ಮನೆ ರಿಪೇರಿ ಮಾಡುವ ಮೌನಮ್ಮ

ಬೆಳಗಿನ ಐದೂವರೆ. ಶಹಾಪುರದ ಅಂಚಿನಲ್ಲಿ, ಭತ್ತದ ಗದ್ದೆಗೆ ತಾಗಿದ ಓಣಿಯ ಒಂದು ಬಾಡಿಗೆ ಕೋಣೆ. ಮೌನಮ್ಮ ನೆಲದ ನಡುವೆ ಇದ್ದಿಲಿನಿಂದ ಗೆರೆ ಎಳೆಯುತ್ತಾಳೆ. ಗೆರೆಯಾಚೆ, ಕೆಲಸ ಮುಗಿದ ಮಗ್ಗುಲಲ್ಲಿ, ಒಲೆ, ಹೊಲಿಗೆ ಮಷಿನ್, ಮಂಚ, ಮಂಚದ ಮೇಲೆ ನಿದ್ದೆ ಹೋದ ಇಬ್ಬರು ಮಕ್ಕಳು. ಈಚೆ ಉಸುಕು, ಅದನ್ನು ಹೊರುವ ಪುಟ್ಟಿ, ಸುಣ್ಣ, ಸುತ್ತಿಗೆ. ನಡುವೆ ಗೊಬ್ಬರದ ಚೀಲ ಬಿಚ್ಚಿ ಹೊಲಿದ ಪರದೆ.

"ಆಮೀನಾ, ಈ ಗೆರಿ ದಾಟಿದ್ರ ನಿನ್ನ ತಲಿ ಮ್ಯಾಲೂ ಪುಟ್ಟಿ ಹೊರಸ್ತೀನಿ ನೋಡು!"

ಆ ಕೋಣೆಯಲ್ಲಿ ಹನ್ನೊಂದು ವರ್ಷದಿಂದ ಬಾಡಿಗೆಗಿರುವ ಆಮೀನಾ ಪರದೆಯ ಸಂದಿಯಿಂದ ಚಹಾ ಚಾಚುತ್ತಾಳೆ. "ನಾ ಯಾಕ ಬರ್ಲಿ ಮೌನಕ್ಕ? ಧೂಳಿನ ರಾಜ್ಯ ನಿಂದು, ನೀನ ಆಳು."

ಮೌನಮ್ಮನಿಗೆ ಐವತ್ತರ ಆಸುಪಾಸು. ಹಳೆಯ ಬಾಡಿಗೆ ಮನೆಗಳ ರಿಪೇರಿ ಅವಳ ಕಸುಬು. ಮಾಲೀಕರು ಅದಕ್ಕೆಂದು ಕೊಡುವ ದುಡ್ಡಿನಲ್ಲಿ ಅವರ ಸ್ವಂತ ಮನೆಯ ಗೇಟಿಗೆ ಬಣ್ಣವೂ ಆಗುವುದಿಲ್ಲ. ಅಷ್ಟರಲ್ಲೇ ಅವಳು ಗೋಡೆ, ನೆಲ, ಬಾಗಿಲು ಮುಗಿಸಬೇಕು. ಕೆಡವಿದ ಮನೆಗಳ ಬಾಗಿಲು ತರುತ್ತಾಳೆ, ಅಂಗಡಿಯವರು ಎಸೆದ ಶಹಾಬಾದಿ ಕಲ್ಲಿನ ಚೂರು ಆಯುತ್ತಾಳೆ. ದಿನಕ್ಕೆ ನಲವತ್ತು ಪುಟ್ಟಿ ಉಸುಕು ಒಬ್ಬಳೇ ಹೊರುತ್ತಾಳೆ. ಇಷ್ಟಾದರೂ ಓಣಿಯಲ್ಲಿ ಅವಳು ಇನ್ನೂ 'ಹೆಣ್ಣಾಳು'. ಗಾರೆ ಕೆಲಸದ ಗೌಂಡಿ ಅನ್ನಲು ಬಾಯಿಗೆ ಏನು ಅಡ್ಡ ಬರುತ್ತದೋ!

ದೋರನಹಳ್ಳಿಯ ಈ ಹೆಂಗಸು ಹನ್ನೆರಡರ ವಯಸ್ಸಿಗೆ ಕೆನಾಲಿನ ಮಣ್ಣು ಹೊತ್ತವಳು. ಕೆನಾಲಿನಿಂದ ನೀರು ಬಂತು, ಭತ್ತ ಬಂತು ಎಂದು ಎಲ್ಲರೂ ಹೇಳುತ್ತಾರೆ. ಈ ತಗ್ಗಿನ ಓಣಿಯ ಗೋಡೆಗಳಿಗೆ ತೇವ ಏರಿ, ಉಪ್ಪು ಬಿಳಿಯಾಗಿ ಅರಳಿದ್ದನ್ನು ಯಾರು ಹೇಳಬೇಕು? ಹೇಳಲು ಇಲ್ಲಿ ಮಲಗಿ ಎದ್ದವರೇ ಬೇಕು.

ಕರಣೆ ಹಿಡಿಯಲು ಕಲಿಸಿದವರು ಖಾಜಾಹುಸೇನ ಎಂಬ ಹಿರಿಯ ಗೌಂಡಿ. ಮೌನಮ್ಮ ಹೇಳುತ್ತಾಳೆ: "ಮೊದಲನೇ ಸಲ ಉಪ್ಪ ಏರಿದ ಗೋಡಿಗಿ ಸಿಮೆಂಟ್ ಬಳದಿದ್ದೆ. ಮೂರ ತಿಂಗಳಿಗಿ ಹಪ್ಪಳ ಉಬ್ಬಿದಂಗ ಉಬ್ಬಿ ಬಿತ್ರಿ. ಉಸ್ತಾದ್ರು ಒಂದ್ ಮಾತ್ ಬೈಲಿಲ್ಲ. ಆ ಚೂರ ತಂದು ನನ್ನ ಬುತ್ತ್ಯಾಗ ರೊಟ್ಟಿ ಮ್ಯಾಲ ಇಟ್ಟು, 'ತಿನ್ನವ್ವ, ನೀ ಮಾಡಿದ ಅಡಗಿ' ಅಂದ್ರು." ಅಂದಿನಿಂದ ಅವಳು ಸೊಂಟದೆತ್ತರದ ತನಕ ಗೋಡೆಗೆ ಬಳಿದ ಹಳೆ ಗಿಲಾವು ಕಿತ್ತು, ಗೋಡೆ ಆರಲು ಬಿಟ್ಟು, ಸುಣ್ಣ ಉಸುಕಿನಲ್ಲೇ ಹೊಸ ಗಿಲಾವು ಹಾಕುತ್ತಾಳೆ.

ಆದರೆ ಅವಳ ನಿಜವಾದ ಹಟ ಬೇರೆ. ಅವಳು ಮನೆ ಖಾಲಿ ಮಾಡಿಸುವುದಿಲ್ಲ. ಅರ್ಧ ಕೋಣೆ ಮುಗಿಸಿ, ಸಂಸಾರವನ್ನು ಆ ಮಗ್ಗುಲಿಗೆ ಸರಿಸಿ, ಉಳಿದರ್ಧಕ್ಕೆ ಕೈ ಹಚ್ಚುತ್ತಾಳೆ. ಎರಡು ಪಟ್ಟು ದಿನ ಹಿಡಿಯುತ್ತದೆ.

"ನಾನೂ ಬಾಡಗಿ ಮನ್ಯಾಗ ಇದ್ದಾಕಿರಿ. ಗಿಲಾವ್ ಮಾಡಸ್ತೀನಿ, ಹದಿನೈದ ದಿನ ಖಾಲಿ ಮಾಡವ್ವ ಅಂದ ಮಾಲಕ. ಆ ಗಿಲಾವ್ ಮಾಡಿದಾಕಿನೂ ನಾನ. ಹದಿನಾರನೇ ದಿನ ಗಂಟ ಹೊತ್ಕೊಂಡ್ ಹೋದ್ರ, ಬಾಗಲಾಗ ಯಾರದ್ದೋ ಚಪ್ಪಲಿ."

ಈಗ ಅದೇ ಆಟ ಆಮೀನಾಳ ಬಾಗಿಲಿಗೆ ಬಂದಿದೆ. ಭತ್ತ ಕೊಯ್ಯುವ ಮಷಿನ್ನಿನವರು ಊರಿಗೆ ಬಂದಿದ್ದಾರೆ, ತಲೆಗಿಷ್ಟು ಎಂದು ಹೆಚ್ಚು ಬಾಡಿಗೆ ಕೊಡುತ್ತಾರೆ. ಎಂಟು ಗಂಟೆಗೆ ಕೋಣೆಯ ಮಾಲೀಕ ಮಲ್ಲಣ್ಣ ಹೊಸ ಬೀಗ-ಕೀಲಿ ಹಿಡಿದೇ ಬರುತ್ತಾರೆ.

"ಏ ಮೌನವ್ವ, ಉಳಿದದ್ದಕ್ಕರ ಖಾಲಿ ಮಾಡಸು. ಲಗೂ ಮುಗೀತದ."

"ಯಾರನ್ನ ಖಾಲಿ ಮಾಡಸ್ಲಿರಿ ಸಾವ್ಕಾರ್ರ? ಮಕ್ಕಳನ್ನೋ, ಒಲಿನೋ?"

"ಕೆಲಸ ಆದ ಮ್ಯಾಲ ಬರ್ಲಿ. ನಾ ಬ್ಯಾಡಂದೀನೇನು?"

"ಮತ್ತ ಆ ಕೀಲಿ ಯಾರಿಗ್ರಿ?"

ಪರದೆಯಾಚೆ ಹೊಲಿಗೆ ಮಷಿನ್ನಿನ ಸದ್ದು ನಿಲ್ಲುತ್ತದೆ. ಮೌನಮ್ಮ ಕರಣೆ ತೊಳೆದು ಚೀಲಕ್ಕೆ ಹಾಕುತ್ತಾಳೆ. "ಗೋಡಿ ಕಿತ್ತಿಟ್ಟೀನಿ, ಇಟ್ಟಂಗಿ ಬತ್ಲ ನಿಂತಾವ. ಇದಕ್ಕ ಕೈ ಹಚ್ಚೋ ಗೌಂಡಿ ಯಾರದಾರ ಕರಕೊಂಡ್ ಬರ್ರಿ. ನೀವ್ ಕೊಡೊ ಇಷ್ಟ ರೊಕ್ಕದಾಗ."

ಮಲ್ಲಣ್ಣ ಮುಗಿದ ಮಗ್ಗುಲಿನ ಗೋಡೆಯನ್ನು ಅಂಗೈಯಿಂದ ಉಜ್ಜಿ ನೋಡುತ್ತಾರೆ. ಒಂದು ಕಾಳೂ ಉದುರುವುದಿಲ್ಲ. ಕೀಲಿ ಜೇಬಿಗಿಳಿಯುತ್ತದೆ.

"ಸುಣ್ಣ ಇನ್ನ ಎಷ್ಟ ಚೀಲ ಬೇಕು?"

"ಎರಡು. ಆಮೀನಾ ಇದ್ರ ಎರಡು. ಇರ್ಲಿಲ್ಲಂದ್ರ ನಾನೂ ಇಲ್ಲ."

"ಇರ್ಲಿ ಬಿಡವ್ವ ಮಾರಾಯ್ತಿ" ಎನ್ನುತ್ತಾ ಅವರು ಹೊರಡುತ್ತಾರೆ. ಹೊಲಿಗೆ ಮಷಿನ್ ಮತ್ತೆ ಓಡತೊಡಗುತ್ತದೆ.

ಅಷ್ಟು ಧೈರ್ಯ ಎಲ್ಲಿಂದ ಬಂತೆಂದು ಕೇಳಿದರೆ ಮೌನಮ್ಮ ನಗುತ್ತಾಳೆ. ಸುಣ್ಣ ಕಲಸುವ ಕೈ ನಿಲ್ಲುವುದಿಲ್ಲ.

"ಧೈರ್ಯ ಏನ್ ಬಂತ್ರಿ. ಹದಿನೇಳ ಮನಿ ಹಿಂಗ ಮಾಡೀನಿ. ಹದಿನೇಳರಾಗೂ ಮೊದಲಿದ್ದ ಮಂದಿನ ಅದಾರ. ಬೇಕಂದ್ರ ಹೋಗಿ ಬಾಗಲಾ ಬಡದು ನೋಡ್ರಿ. ಇದು ಹದಿನೆಂಟನೇದು."