ಅಕ್ಕ ಬರೆದ ಲೇಖನ

ಈ ಕೊಲ್ಲಿ ನಾಡಿನಲ್ಲಿ ಅಲ್ ಸದ್ದ್ ಬಡಾವಣೆಯ ಫ್ಲ್ಯಾಟ್ ಬಿಟ್ಟು ಮದೀನತ್ ಖಲೀಫಾ ಬಡಾವಣೆಗೆ ಸಾಮಾನು ಸಾಗಿಸುವಾಗ ನಮ್ಮ ಕನ್ನಡ ಸಂಘದ ಹಳೆಯ ಸ್ಮರಣ ಸಂಚಿಕೆಯೊಂದು ಸಿಕ್ಕಿತು. ನುಣುಪು ಕಾಗದ, ಇನ್ನೂ ಹೋಗದ ಮಸಿಯ ವಾಸನೆ. ಹನ್ನೆರಡನೆಯ ಪುಟ ತೆರೆದವಳು ಪೆಟ್ಟಿಗೆಯ ಮೇಲೆಯೇ ಕುಳಿತುಬಿಟ್ಟೆ. ಪಕ್ಕದ ಮನೆಯ ಅಕ್ಕ ನೆನಪಾದರು.

ಅಕ್ಕ ಉಡುಪಿ ಕಡೆಯವರು. ಗಂಡನ ವೀಸಾದ ಮೇಲೆ ಬಂದು ಮೂರು ಕೋಣೆಯೊಳಗೆ ವರ್ಷಗಳನ್ನು ಸವೆಸಿದವರು. ಕೆಳಗಿನ ಮನೆಯ ಡೆನ್ಮಾರ್ಕಿನ ಹೆಂಗಸು ದೇಶಕ್ಕೆ ಮರಳುವಾಗ ಅವರಿಗೊಂದು ಇಂಗ್ಲಿಷ್ ಪುಸ್ತಕ ಕೊಟ್ಟು ಹೋಗಿದ್ದಳು. ಹತ್ತೊಂಬತ್ತನೆಯ ಶತಮಾನದ, ಅಲ್ಲಿಯವರೇ ಮರೆತ ಲೇಖಕಿಯೊಬ್ಬಳ ಜೀವನ. ಪಾದ್ರಿಯ ಮಗಳು, ಅಣ್ಣನ ಮನೆಯ ಚಾಕರಿ ಮಾಡುತ್ತ ಊಟದ ಮೇಜಿನ ಮೇಲೆ ಕಾದಂಬರಿ ಬರೆದಳು. ಮಾನಸ್ಥರ ಮನೆಯ ಹೆಣ್ಣಿನ ಹೆಸರು ಅಂಗಡಿಯಲ್ಲಿ ಮಾರಾಟಕ್ಕಿರಬಾರದೆಂದು ಅವು ಹೆಸರಿಲ್ಲದೆ ಅಚ್ಚಾದವು. ಕೊನೆಗೆ ನಾನೇ ಬರೆದದ್ದು ಎಂದಾಗ ಯಾರೂ ನಂಬಲಿಲ್ಲವಂತೆ... ಆ ಕಥೆ ಹೇಳುವಾಗ ಒಲೆಯ ಮೇಲಿನ ಸಾರು ಉಕ್ಕಿದರೂ ಅಕ್ಕ ಏಳುತ್ತಿರಲಿಲ್ಲ.

ಒಂದು ಚಳಿಗಾಲವಿಡೀ ಕೂತು ಅವಳ ಬಗ್ಗೆ ಕನ್ನಡದಲ್ಲಿ ಲೇಖನ ಬರೆದರು. ಸಂಚಿಕೆಯ ಸಂಪಾದಕಿ ನಾನು. ಹಾಳೆಗಳನ್ನು ನನ್ನ ಕೈಗಿಟ್ಟು, “ಬೇಕಾದ್ರೆ ಅರ್ಧ ಕತ್ತರಿಸು ಮಾರಾಯ್ತಿ. ಹೆಸರು ಮಾತ್ರ ನನ್ನದೇ ಇರ್ಲಿ,” ಎಂದರು. ಮಾತು ಕೊಟ್ಟೆ.

ಸಂಘದ ಅಧ್ಯಕ್ಷರು, “ಮೆಂಬರ್‌ಶಿಪ್ ಅವರ ಯಜಮಾನರ ಹೆಸರಲ್ಲಿರೋದು. ಅದನ್ನೇ ಹಾಕಿ, ಖಲಾಸ್,” ಎಂದರು. ಕಚೇರಿಯಲ್ಲಿ ಹತ್ತು ಜನರ ಬಾಯಿ ಮುಚ್ಚಿಸುವ ನಾನು ಅಲ್ಲಿ ತುಟಿ ಬಿಚ್ಚಲಿಲ್ಲ. ಮುಂದಿನ ವರ್ಷವೂ ಸಂಪಾದಕಿಯಾಗಬೇಕಿತ್ತಲ್ಲ! ಗಂಡನ ಹೆಸರನ್ನೇ ಟೈಪ್ ಮಾಡಿದೆ. ರಾಜ್ಯೋತ್ಸವದ ದಿನ ಆ ಮನುಷ್ಯನನ್ನು ವೇದಿಕೆಗೆ ಕರೆದು ಶಾಲು ಹೊದಿಸಿದರು. ಲೇಖನದ ಒಂದು ಸಾಲೂ ಓದಿರದ ಮಹಾನುಭಾವ ಹಲ್ಲು ಕಿರಿದು ಹೊದಿಸಿಕೊಂಡ. ಅಕ್ಕನೂ ಎಲ್ಲರ ಜೊತೆ ಚಪ್ಪಾಳೆ ತಟ್ಟಿದರು.

ನನ್ನನ್ನು ಬೈಯಲಿಲ್ಲ. ಲಿಫ್ಟ್‌ನಲ್ಲಿ ಮಾತ್ರ, “ನನ್ನ ಕಾಗದ ಉಂಟಾ? ಕೊಡು,” ಎಂದರು. ಟೈಪ್ ಆದ ಮೇಲೆ ಆ ಹಾಳೆಗಳನ್ನು ಎಸೆದುಬಿಟ್ಟಿದ್ದೆ. ಆಮೇಲೆ ಅವರು ಏನೂ ಬರೆಯಲಿಲ್ಲ, ನನ್ನ ಮನೆ ಬಾಗಿಲಿಗೂ ಬರಲಿಲ್ಲ. ಗಂಡ ನಿವೃತ್ತರಾದಾಗ ಊರಿಗೆ ಹೋದರು...

ಹೊಸ ಮನೆಗೆ ಬಂದ ವಾರದಲ್ಲೇ ಸಂಘದ ವಾಟ್ಸಾಪ್ ಗುಂಪಿಗೆ ಸುದ್ದಿ ಬಂತು. ಗಂಡನ ಹೆಸರು ಬರೆದು, ‘ಇವರ ಧರ್ಮಪತ್ನಿ ದೈವಾಧೀನರಾದರು’ ಎಂದಿತ್ತು. ಕೆಳಗೆ ಸಾಲುಸಾಲು ಕೈಮುಗಿದ ಚಿತ್ರಗಳು. ಅಕ್ಕನ ಹೆಸರು ಹಾಕಿ ಎಂದು ಬರೆಯಹೊರಟೆ, ಬೆರಳು ನಿಂತಿತು. ಇಷ್ಟು ವರ್ಷ ಬರೀ ಅಕ್ಕ ಎಂದು ಕರೆದವಳು ನಾನು. ಆ ಹಾಳೆಗಳ ಕೊನೆಯಲ್ಲಿ ಅವರದೇ ಕೈಬರಹದಲ್ಲಿದ್ದ ಹೆಸರನ್ನು ಇಡೀ ಸಂಘದಲ್ಲಿ ಓದಿದ್ದವಳೂ ನಾನೊಬ್ಬಳೇ. ಎಷ್ಟು ತಡಕಿದರೂ ನೆನಪಾಗಲಿಲ್ಲ. ನಾನೂ ಕೈಮುಗಿದ ಚಿತ್ರವೊಂದನ್ನು ಒತ್ತಿದೆ.